ಹೊಲಿಯುವ ಮೊದಲೇ ಪ್ಯಾಕಾದ ಪ್ಯಾಂಟು

ರಾಯದುರ್ಗದ ಆ ಜೀನ್ಸ್ ಕಾರ್ಖಾನೆಯಲ್ಲಿ ಗೇಟಿನ ಕಂಪ್ಯೂಟರು ಹತ್ತು ನಿಮಿಷ ಮುಂದೆ. ಹೊಲಿಗೆ ವಿಭಾಗದ್ದು ಸರಿ. ಸಂಜೆ ಬೆಲ್ಲು ಹೊಡೆಸುವ ಪ್ಯಾಕಿಂಗ್ ಕಂಪ್ಯೂಟರು ಹತ್ತು ನಿಮಿಷ ಹಿಂದೆ. ಸಾವ್ಕಾರ ಉಮಾಮಹೇಶ್ವರ ಬೇಕೆಂದೇ ಹಾಗಿಡಿಸಿದ್ದ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಂದವರೂ ತಡವಾಗಿ ಬಂದವರೇ, ಸಂಜೆ ಹೆಚ್ಚಿಗೆ ದುಡಿದದ್ದು ಯಾರ ಲೆಕ್ಕಕ್ಕೂ ಇಲ್ಲ. ಆಸಾಮಿ ಅಷ್ಟು ಜಾಣ.

ಈ ಜಾಣತನದಿಂದ, ಕಂಪ್ಯೂಟರು ನೋಡಿಕೊಳ್ಳುವ ಭುವನಾಳಿಗೆ ದಿನಾ ತನ್ನೂರು ಕಣೇಕಲ್ಲಿನ ಬಸ್ಸು ತಪ್ಪುತ್ತಿತ್ತು. ಎರಡು ತಾಸು ಬಿಟ್ಟು ಬರುವ ಮುಂದಿನ ಬಸ್ಸು ಹಿಡಿದು ಮನೆ ಮುಟ್ಟುವಷ್ಟರಲ್ಲಿ ಮಗಳು ಅಜ್ಜಿಯ ಮಗ್ಗುಲಲ್ಲಿ ನಿದ್ದೆ ಹೋಗಿರುತ್ತಿದ್ದಳು. ಬೆಳಿಗ್ಗೆ ಹೊರಡುವಾಗಲೂ ನಿದ್ದೆಯೇ. ತಾಯಿ ಮಗಳು ಮಾತಾಡಲು ಭಾನುವಾರವೇ ಬರಬೇಕು; ಮಗಳ ಬಾಯಲ್ಲಿ ಅದು ಆಯ್ತಾರ.

ಒಂದು ದಿನ ಮಾಲು ಕೊಳ್ಳುವ ಕಂಪನಿಯವರು ಫೋನು ಮಾಡಿದರು. ನೀವು ಕಳಿಸಿದ ಕಂಪ್ಯೂಟರ್ ಲೆಕ್ಕದಲ್ಲಿ ನಿಮ್ಮ ಪ್ಯಾಂಟುಗಳು ಹೊಲಿಯುವ ಮೊದಲೇ ಪ್ಯಾಕ್ ಆಗುತ್ತಿವೆಯಲ್ಲ, ಅದು ಹೇಗೆ ಎಂದು ಕೇಳಿದರು. ಸಾವ್ಕಾರ ಗಾಬರಿಯಾಗಿ ಭುವನಾಳನ್ನು ಕರೆಸಿದ.

“ಭುವನಮ್ಮ, ಎಲ್ಲಾ ಕಂಪ್ಯೂಟರಿನಾಗೂ ಒಂದೇ ಟೈಮು ಬರಂಗ ಮಾಡವ್ವ.”

“ಒಂದನ್ನ ಟೈಮ್ ಸರ್ವರ್ ಮಾಡ್ತೀನ್ರಿ. ಉಳಿದವೆಲ್ಲಾ ಅದನ್ನ ಕೇಳಿ ಟೈಮ್ ಇಟ್ಕಂತಾವ. ಅದಕ್ಕ ಯಾವ ಟೈಮ್ ಇಡ್ಲಿ?”

ಸಾವ್ಕಾರ ಮುಂಗೈ ಚಾಚಿದ. ಅವನ ವಾಚೂ ಹತ್ತು ನಿಮಿಷ ಮುಂದೆ.

“ಇದನ್ನೇ ಇಡು. ಜನ ಲಗೂನ ಬರ್ಲಿ.”

ಭುವನಾ ನಗು ತಡೆದುಕೊಂಡು ಆ ವಾಚಿನ ಟೈಮನ್ನೇ ಸರ್ವರಿಗೆ ಇಟ್ಟಳು. ಗೇಟು, ಹೊಲಿಗೆ, ಪ್ಯಾಕಿಂಗ್, ಎಲ್ಲ ಕಂಪ್ಯೂಟರಿಗೂ ಅದರ ವಿಳಾಸ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಒಂದೇ ಟೈಮು ತೋರಿಸತೊಡಗಿದವು.

ಸಂಜೆ ಬೆಲ್ಲು ಹೊಡೆಯಿತು. ಹೊರಗೆ ಇನ್ನೂ ಬಿಸಿಲು. ಹೆಂಗಸರು ಬುತ್ತಿಚೀಲ ಹಿಡಿದು ಗೇಟು ದಾಟುತ್ತಿದ್ದರೆ ಸಾವ್ಕಾರ ಓಡೋಡಿ ಬಂದ.

“ಯಾಕ, ಇಷ್ಟು ಲಗೂನ ಹೊಂಟ್ರಿ?”

“ನಿಮ್ಮ ವಾಚು ನೋಡ್ಕಳ್ರಿ ಸಾವ್ಕಾರ್ರೆ,” ಎಂದಳು ಭುವನಾ.

ನೋಡಿಕೊಂಡ. ಮುಖ ಸಪ್ಪಗಾಯಿತು.

“ಬೆಳಿಗ್ಗೆ ಮುಂದ ಇರ್ಲಿ, ಮಧ್ಯಾಹ್ನ ಹಿಂದಕ್ಕ ತಿರುಗ್ಸು.”

“ತಿರುಗ್ಸಬೋದ್ರಿ. ಆದ್ರ ತಿರುಗ್ಸಿದ ಕೂಡ್ಲೇ ಪ್ಯಾಂಟು ಮತ್ತ ಹೊಲಿಯೋದ್ಕಿಂತ ಮೊದ್ಲೇ ಪ್ಯಾಕ್ ಆಗ್ತಾವ.”

ಸಾವ್ಕಾರ ತಲೆ ಕೆರೆದುಕೊಂಡ. ಇನ್ನೊಂದು ಫೋನು ಬರುವುದು ಅವನಿಗೆ ಬೇಕಿರಲಿಲ್ಲ.

“ಸಾಕು ಬಿಡು. ಸರಿ ಟೈಮೇ ಇಡು.”

ಅವಳು ಒಳಗೆ ಓಡಿ ಸರ್ವರಿಗೆ ಸರಿ ಟೈಮು ಇಟ್ಟು ಹೊರಬಂದರೂ ಕಣೇಕಲ್ಲಿನ ಬಸ್ಸು ಇನ್ನೂ ನಿಂತಿತ್ತು. ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು. ನಾಳೆಯೂ ಸಿಗುತ್ತದೆ ಎಂದು ನೆನೆದು ಒಬ್ಬಳೇ ನಕ್ಕಳು.

ಮಗಳು ಮನೆಯ ಮುಂದಿನ ಕಟ್ಟೆಯ ಮೇಲೆ ಮಂಡಕ್ಕಿ ತಿನ್ನುತ್ತ ಕೂತಿದ್ದಳು. ತಾಯಿಯನ್ನು ಕಂಡು ಅವಳ ಕೈ ಬಾಯಿಯ ಹತ್ತಿರವೇ ನಿಂತಿತು.

“ಅವ್ವಾ, ಇವತ್ತು ಆಯ್ತಾರನಾ?”