ಜರ್ಮನ್ ಬೆಳ್ಳಿ

ಮುದ್ದಕ್ಕನ ಮನೆಯಲ್ಲಿ ಏನನ್ನಾದರೂ ಹೊಗಳಬೇಕೆಂದರೆ ಇದ್ದದ್ದು ಒಂದೇ ಮಾತು: ಜರ್ಮನ್. ಮೈಮುರಿದು ದುಡಿಯುವ ಎತ್ತು ಜರ್ಮನ್ ಎತ್ತು. ಮಳೆಗಾಲದಲ್ಲಿ ಸೋರದ ಮಾಳಿಗೆ ಜರ್ಮನ್ ಮಾಳಿಗೆ. ಪಕ್ಕದ ಮನೆಯ ನಿಂಗಕ್ಕ ಕೊಟ್ಟ ಉಪ್ಪಿನಕಾಯಿ ವರ್ಷವಾದರೂ ಕೆಡಲಿಲ್ಲವೆಂದು ಒಮ್ಮೆ ಅದಕ್ಕೂ ಈ ಬಿರುದು ಸಿಕ್ಕಿತ್ತು.

ಮಾತನ್ನು ಮನೆಯೊಳಗೆ ತಂದವನು ಅವಳ ಗಂಡ ಮಾರಣ್ಣ. ಹಿರಿಯೂರು ಸೀಮೆಯ ಆ ಊರಲ್ಲಿ ಗೌಡರ ತೋಟದ ಬಾವಿಗೆ ಕೂರಿಸಿದ್ದ ಎಣ್ಣೆ ಇಂಜಿನ್ನನ್ನು ಉಸಿರಿರುವವರೆಗೂ ನೋಡಿಕೊಂಡವನು ಅವನೇ. ಅದು ಜರ್ಮನಿಯಿಂದ ಬಂದದ್ದಂತೆ, ಒಂದು ದಿನವೂ ಕೈಕೊಟ್ಟಿರಲಿಲ್ಲವಂತೆ. ಜರ್ಮನಿ ಎಲ್ಲಿದೆಯೆಂದು ಮಾರಣ್ಣನಿಗೂ ಗೊತ್ತಿರಲಿಲ್ಲ. ಬಳ್ಳಾರಿಯಿಂದ ಆಚೆ ಎಲ್ಲೋ ಇರಬೇಕೆಂದು ಮುದ್ದಕ್ಕನ ಅಂದಾಜು. ಅವನು ತೀರಿಕೊಂಡ. ಕರೆಂಟಿನ ಮೋಟಾರು ಬಂದು ಇಂಜಿನ್ನೂ ಮೂಲೆ ಸೇರಿತು. ಮಾತೊಂದು ಉಳಿಯಿತು. ಅದನ್ನು ಆಡಿದಾಗಲೆಲ್ಲ ಗಂಡ ಪಡಸಾಲೆಯಲ್ಲೇ ಕೂತು ಬೀಡಿ ಸೇದುತ್ತಿದ್ದಾನೆ ಅನ್ನಿಸುತ್ತಿತ್ತು ಅವಳಿಗೆ.

ಎಪ್ಪತ್ನಾಲ್ಕನೇ ಇಸವಿಯಲ್ಲಿ ಮಗ ಕಾಟಪ್ಪನಿಗೆ ಹೊಸದುರ್ಗದ ಕಡೆಯ ಹುಡುಗಿ ಗೊತ್ತಾಯಿತು. ಸೊಸೆಗೆ ಕಾಲುಂಗುರ ತರಬೇಕು. ಅದು ಮುತ್ತೈದೆಯರು ಹೋಗಿ ತರುವ ವಸ್ತು, ನಾನು ತಂದುಕೊಡುತ್ತೇನೆ ಎಂದು ನಿಂಗಕ್ಕ ಮುಂದೆ ಬಂದಳು. ಮುದ್ದಕ್ಕ ಯಾರ ಮಾತು ಕೇಳಿದವಳು? "ನನ್ ಸೊಸೆ ಕಾಲಿಗೆ ನಾನೇ ಆರಿಸ್ಕಂಡ್ ಬರ್ತೀನಿ" ಎಂದು ಸೆರಗು ಬಿಗಿದು ಹಿರಿಯೂರಿಗೆ ಹೊರಟೇಬಿಟ್ಟಳು.

ಅಂಗಡಿಯವನು ಎರಡು ಬಗೆಯನ್ನು ಮುಂದಿಟ್ಟು, "ಇದು ಬೆಳ್ಳಿ, ಇದು ಜರ್ಮನ್ ಬೆಳ್ಳಿ" ಎಂದ. ಅವನು ಸುಳ್ಳು ಹೇಳಲಿಲ್ಲ, ಪಾಪ. ಮುದ್ದಕ್ಕನಿಗೆ ಮುಂದಿನದು ಕೇಳಿಸಲೇ ಇಲ್ಲ. ಜರ್ಮನ್ ಇರುವಾಗ ಬರೀ ಬೆಳ್ಳಿ ಯಾರಿಗೆ ಬೇಕು? ಬೆಲೆ ಕಡಿಮೆಯಿದ್ದದ್ದು ಕೂಡ ತನ್ನ ಅದೃಷ್ಟವೆಂದುಕೊಂಡು, ಫಳಫಳ ಹೊಳೆಯುವ ಜೋಡಿಯನ್ನು ಸೊಂಟದ ಎಲೆಅಡಿಕೆ ಚೀಲದಲ್ಲಿಟ್ಟು ಗೆದ್ದವಳಂತೆ ಊರಿಗೆ ಬಂದಳು. ಮದುವೆಯಲ್ಲಿ ಅವನ್ನು ಹುಡುಗಿಯ ಬೆರಳಿಗೆ ಏರಿಸಿದ್ದು ಮಾತ್ರ ನಿಂಗಕ್ಕ. ತರುವುದರಲ್ಲಿ ಹಟ ಮಾಡಬಹುದು, ಹಾಕುವುದರಲ್ಲಿ ಮಾಡುವಂತಿಲ್ಲ.

ಸೊಸೆ ಏಕಾಂತಮ್ಮ ಮಾತು ಕಡಿಮೆಯ ಹುಡುಗಿ. ಗಂಡ ಹೋದ ಮೇಲೆ ಮುದ್ದಕ್ಕ ಒಲೆಯ ಮುಂದೆ ಒಬ್ಬಳೇ ಕೂತು ಉಣ್ಣುವುದು ರೂಢಿಯಾಗಿತ್ತು. ಬಂದ ವಾರದಲ್ಲೇ ಹುಡುಗಿ ತನ್ನ ತಟ್ಟೆಯನ್ನೂ ತಂದು ಅವಳ ಪಕ್ಕದಲ್ಲಿಟ್ಟುಕೊಂಡು ಕೂತಳು. ಯಾಕೆಂದು ಅತ್ತೆ ಕೇಳಲಿಲ್ಲ, ಸೊಸೆ ಹೇಳಲಿಲ್ಲ. ಅತ್ತೆಯ ಹಲ್ಲಿಗೆ ಆಗುವಂತೆ ಮುದ್ದೆ ಮೆತ್ತಗಾಯಿತು, ಸಾರಿನ ಕಾಳು ನುಣ್ಣಗೆ ಬೆಂದಿತು. ಹೆಣ್ಣು ಮಕ್ಕಳಿಲ್ಲದ ಮುದ್ದಕ್ಕನಿಗೆ ಆ ಹುಡುಗಿಯ ಮೇಲೆ ಹುಟ್ಟಿದ ಪ್ರೀತಿ ಎಷ್ಟೆಂದರೆ, ಅದನ್ನು ಮುಚ್ಚಿಡಲು ದಿನಕ್ಕೆರಡು ಸಲ ಸುಮ್ಮನೆ ಬೈಯಬೇಕಾಗುತ್ತಿತ್ತು.

ಮುಂಗಾರು ಶುರುವಾಗುವ ಹೊತ್ತಿಗೆ ಏಕಾಂತಮ್ಮನ ಕಾಲ್ಬೆರಳು ತುರಿಸತೊಡಗಿತು. ಮೊದಲು ಕೆಂಪಗಾಯಿತು, ಆಮೇಲೆ ಸಣ್ಣ ಗುಳ್ಳೆಗಳೆದ್ದವು, ಗುಳ್ಳೆ ಒಡೆದು ನೀರು ಸೋರಿತು. ಕೆಸರು ಹುಣ್ಣೆಂದು ಮುದ್ದಕ್ಕ ಬೇವಿನ ನೀರಲ್ಲಿ ತೊಳೆದಳು, ಹೊಂಗೆ ಎಣ್ಣೆ ಹಚ್ಚಿದಳು. ಕೆಸರು ಒಣಗಿದರೂ ಹುಣ್ಣು ಒಣಗಲಿಲ್ಲ.

ಒಂದು ದಿನ ಶೇಂಗಾ ಹೊಲದಲ್ಲಿ ಕಳೆ ಕೀಳುತ್ತಿದ್ದಾಗ ಸೊಸೆಯ ಕಾಲು ಕಣ್ಣಿಗೆ ಬಿತ್ತು. ಬೆರಳು ಬರಿದಾಗಿತ್ತು. ಉಂಗುರಗಳು ಸೆರಗಿನ ಗಂಟಿನಲ್ಲಿದ್ದವು.

"ನನ್ ಮಗ ಇನ್ನೂ ಬದುಕವ್ನೆ ಕಣೇ!" ಎಂದು ಮುದ್ದಕ್ಕ ಕಿರುಚಿದ್ದು ಮೂರು ಹೊಲದಾಚೆಗೂ ಕೇಳಿಸಿತು. "ಗಂಡ ಇರಾಗ್ಲೇ ಬಿಚ್ಚಿಡಾಕೆ ಅದೇನು ಆಟದ ಸಾಮಾನಾ?"

ಕಾಟಪ್ಪ ಕುಡುಗೋಲು ಕೆಳಗಿಟ್ಟು ಬಂದ. "ಬಿಡವ್ವ, ಅವಳು ಎಲ್ಡು ದಿನ ತೆಗೆದಿಟ್ರೆ ನಾನೇನ್ ಸತ್ತೋಗಲ್ಲ."

"ಬಾಯಿ ಮುಚ್ಚಲೇ!" ಎಂದು ತಾಯಿ ಅವನ ಬಾಯಿಗೆ ಮಣ್ಣು ಕೈಯಲ್ಲೇ ಒಂದು ಕೊಟ್ಟಳು. ಏಕಾಂತಮ್ಮ ತುಟಿ ಕಚ್ಚಿಕೊಂಡು ಹಸಿ ಹುಣ್ಣಿನ ಮೇಲೆಯೇ ಉಂಗುರ ಏರಿಸಿದಳು. ಅಂದಿನಿಂದ ಮತ್ತೆ ತೆಗೆಯಲಿಲ್ಲ. ಆ ಹಟ ಅತ್ತೆಯಿಂದಲೇ ಕಲಿತದ್ದಿರಬೇಕು.

ತಿಂಗಳು ಕಳೆಯುವುದರಲ್ಲಿ ಬೆರಳು ಊದಿ ಉಂಗುರ ಮಾಂಸದೊಳಗೆ ಹೂತುಕೊಂಡಿತು. ಹುಡುಗಿ ಹಿಮ್ಮಡಿಯೂರಿ ನಡೆಯುತ್ತಿದ್ದಳು. ಸಾಲದ್ದಕ್ಕೆ ತಾಳಿಯ ಪಕ್ಕ ಎದೆಯ ಮೇಲೂ ಕಾಸಿನಗಲ ಅಂಥದೇ ಗಾಯ ಎದ್ದಿತು. ರೋಗ ಕಾಲಿನಿಂದ ಮೇಲಕ್ಕೆ ಏರುತ್ತಿದೆ ಎಂದು ಮುದ್ದಕ್ಕನ ಜೀವವೇ ಹಾರಿಹೋಯಿತು.

ನೀರಿನ ಬಾವಿಯ ಹತ್ತಿರ ನಿಂಗಕ್ಕ ಮೆಲ್ಲಗೆ ಹೇಳಿದಳು: "ಬ್ಯಾಸರ ಮಾಡ್ಕಬ್ಯಾಡ ಮುದ್ದಕ್ಕ. ಕೈಗುಣ ಅನ್ನಾದು ಒಂದೈತೆ. ನಿನ್ ಕೈಲಿ ತರಬ್ಯಾಡ ಅಂತ ಅವತ್ತೇ ಹೇಳಿದ್ದೆ."

ಒಂದಕ್ಕೆ ಹತ್ತು ಕೊಡುವ ಮುದ್ದಕ್ಕ ಅಂದು ಕೊಡವೆತ್ತಿಕೊಂಡು ಸುಮ್ಮನೆ ಬಂದಳು. ನಿಂಗಕ್ಕ ಆಡಿದ್ದನ್ನು ಅವಳು ಎಷ್ಟೋ ದಿನದಿಂದ ಒಳಗೇ ಆಡಿಕೊಳ್ಳುತ್ತಿದ್ದಳು. ಉಂಗುರದಲ್ಲಿ ದೋಷವಿರಲು ಸಾಧ್ಯವಿಲ್ಲ, ಅದು ಜರ್ಮನ್. ಹಾಗಾದರೆ ತಂದ ಕೈಯಲ್ಲೇ ಇರಬೇಕು. ಗಂಡನನ್ನು ಉಳಿಸಿಕೊಳ್ಳಲಾರದ ಕೈ ಸೊಸೆಯನ್ನು ಉಳಿಸೀತೆ? ಅಂದಿನಿಂದ ಅವಳು ಹುಡುಗಿಯ ಗಾಯ ಮುಟ್ಟುವುದನ್ನೂ ಬಿಟ್ಟಳು. ಎಣ್ಣೆಯ ಬಟ್ಟಲನ್ನು ದೂರದಿಂದ ಸರಿಸಿ, "ಹಚ್ಕ" ಎನ್ನುತ್ತಿದ್ದಳು. ಅತ್ತೆಗೆ ಅಸಹ್ಯವಾಗಿದೆಯೆಂದು ಏಕಾಂತಮ್ಮ ಮರೆಯಲ್ಲಿ ಅತ್ತಳು.

ಸುದ್ದಿ ಹೊಸದುರ್ಗದ ಕಡೆಗೂ ಹೋಗಿ ಅವಳ ಅಣ್ಣ ಓಬಣ್ಣ ಬಂದಿಳಿದ. ತಂಗಿಯ ಕಾಲು ನೋಡಿ ಮುಖ ತಿರುಗಿಸಿದ.

"ಈ ಮನೆ ನೀರು ಇವಳಿಗೆ ಆಗಿಬರಲ್ಲ ಕಣ್ರಿ. ನಾನು ಕರ್ಕಂಡ್ ಹೋಗ್ತೀನಿ. ವಾಸಿ ಆದ್ರೆ ಕಳಿಸ್ತೀವಿ."

'ಆದ್ರೆ' ಎಂಬುದರ ತೂಕ ಮುದ್ದಕ್ಕನಿಗೆ ಗೊತ್ತಿತ್ತು. ಹಾಗೆ ತವರಿಗೆ ಹೋದ ಎಷ್ಟು ಹೆಣ್ಣುಗಳು ತಿರುಗಿ ಬಂದಿವೆ? ಒಲೆಯ ಮುಂದೆ ಮತ್ತೆ ಒಂದೇ ತಟ್ಟೆ ಕಂಡಂತಾಯಿತು ಅವಳಿಗೆ.

"ಒಂದು ದಿನ ತಡಿಯಪ್ಪ" ಎಂದಳು. "ನಾಳೆ ದುರ್ಗದ ಆಸ್ಪತ್ರೆಗೆ ತೋರಿಸ್ತೀನಿ. ಅವರೂ ಆಗಲ್ಲ ಅಂದ್ರೆ ನಿನ್ ತಂಗಿ ನಿಂದೇ."

ಮರುದಿನ ಮೊದಲ ಬಸ್ಸಿಗೆ ಅತ್ತೆ ಸೊಸೆ ಚಿತ್ರದುರ್ಗಕ್ಕೆ ಹೋದರು. ಆಸ್ಪತ್ರೆಯ ಸಾಲಿನಲ್ಲಿ ಬಿಸಿಲೇರುವವರೆಗೆ ಕೂತ ಮೇಲೆ ಒಬ್ಬ ಲೇಡಿ ಡಾಕ್ಟರು ಒಳಗೆ ಕರೆದರು. ಕಾಲು ನೋಡಿದರು, ಎದೆಯ ಗಾಯ ನೋಡಿದರು. ತಾಳಿಯ ಸರಕ್ಕೆ ಸಿಕ್ಕಿಸಿದ್ದ ಸೇಫ್ಟಿಪಿನ್ನನ್ನು ಎತ್ತಿ, ಗಾಯ ಸರಿಯಾಗಿ ಅದರ ಕೆಳಗೇ ಇರುವುದನ್ನು ಗಮನಿಸಿದರು. ಆಮೇಲೆ, "ಈ ಉಂಗುರ ಯಾವುದರದ್ದಮ್ಮ?" ಎಂದು ಕೇಳಿದರು.

ಅಂಥ ಸಂಕಟದಲ್ಲೂ ಮುದ್ದಕ್ಕನ ಬೆನ್ನು ನೆಟ್ಟಗಾಯಿತು. "ಜರ್ಮನ್ ಬೆಳ್ಳಿ ಕಣ್ರಿ. ಸಾದಾ ಬೆಳ್ಳಿ ಅಲ್ಲ."

ಡಾಕ್ಟರಿಗೆ ನಗು ಬಂತು. ಮುದುಕಿಯ ಮುಖ ನೋಡಿ ಅದನ್ನು ನುಂಗಿಕೊಂಡರು. "ಅದಕ್ಕೆ ಹೆಸರು ಮಾತ್ರ ಬೆಳ್ಳಿ ಅಮ್ಮ. ಅದರೊಳಗೆ ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರ, ಸತು, ಅದರ ಜೊತೆ ನಿಕ್ಕಲ್ ಅಂತ ಒಂದು ಸೇರಿಸಿರ್ತಾರೆ. ಹೊಳಪು ಅದರದ್ದೇ. ಈ ಪಿನ್ನಿಗೂ ಅದನ್ನೇ ಬಳಿದಿರ್ತಾರೆ. ಕೆಲವರ ಮೈಗೆ ನಿಕ್ಕಲ್ ಆಗೋದಿಲ್ಲ. ನಿಮ್ಮ ಸೊಸೆಯದು ಅಂಥ ಮೈ. ಎರಡನ್ನೂ ತೆಗೆದು ಮುಲಾಮು ಹಚ್ಚಿದರೆ ಒಣಗುತ್ತೆ. ಒಬ್ಬರಿಂದ ಒಬ್ಬರಿಗೆ ಅಂಟೋದೂ ಇಲ್ಲ. ಆದರೆ ಜೀವಮಾನದಲ್ಲಿ ಇಂಥದ್ದು ಮೈಗೆ ತಾಗಬಾರದು."

ಬೆಳ್ಳಿಯೇ ಇಲ್ಲ! ಗಂಡ ತಲೆಯ ಮೇಲೆ ಹೊತ್ತು ಮೆರೆಸಿದ ಮಾತು ಹೀಗೆ ಟೊಳ್ಳು ಬೀಳಬಹುದೆಂದು ಮುದ್ದಕ್ಕ ಕನಸಲ್ಲೂ ಎಣಿಸಿರಲಿಲ್ಲ. ಆದರೂ ಅವಳು ಕೇಳಿದ್ದು ಅದನ್ನಲ್ಲ. ದನಿ ಇಳಿಸಿ, ಹೆದರಿ ಹೆದರಿ ಕೇಳಿದಳು.

"ಅಮ್ಮಾರೆ, ತಂದೋರ ಕೈಗುಣದಿಂದ ಹಿಂಗಾಗ್ತೈತೇನ್ರಿ? ನಾನು ಗಂಡ ಇಲ್ಲದೋಳು. ನನ್ ಕೈಯಾರೆ ತಂದಿದ್ದು ಅದು."

ಡಾಕ್ಟರು, "ಯಾರು ತಂದಿದ್ದರೂ ಇದೇ ಆಗ್ತಿತ್ತು" ಎಂದು ಚೀಟಿ ಬರೆಯಲು ಬಗ್ಗಿದರು. ಏಕಾಂತಮ್ಮ ಮಾತ್ರ ತಲೆಯೆತ್ತಿ ಅತ್ತೆಯನ್ನೇ ನೋಡಿದಳು. ಎಣ್ಣೆಯ ಬಟ್ಟಲು ದೂರದಿಂದ ಯಾಕೆ ಸರಿದು ಬರುತ್ತಿತ್ತೆಂದು ಅವಳಿಗೆ ಈಗ ತಿಳಿಯಿತು.

ನರ್ಸು ಸಣ್ಣ ಇಕ್ಕಳದಿಂದ ಉಂಗುರಗಳನ್ನು ಕತ್ತರಿಸಿ ತೆಗೆದಳು, ಪಿನ್ನನ್ನೂ ಬಿಚ್ಚಿದಳು. ಬರಿಗಾಲನ್ನು ಹುಡುಗಿ ಸೀರೆಯ ಅಂಚಿನಲ್ಲಿ ಮುಚ್ಚಿಕೊಳ್ಳಹೋದರೆ, "ಮುಚ್ಚಬ್ಯಾಡ, ಗಾಳಿ ಆಡ್ಲಿ" ಎಂದಳು ಮುದ್ದಕ್ಕ. ಅಲ್ಲಿಂದ ನೇರವಾಗಿ ಪೇಟೆಯ ಅಂಗಡಿಗೆ ನಡೆದಳು. "ಬರೀ ಬೆಳ್ಳಿ ಕೊಡಪ್ಪ. ಯಾವ ದೇಶದ್ದೂ ಬ್ಯಾಡ" ಎಂದು ಕಟ್ಟುನಿಟ್ಟಾಗಿ ಹೇಳಿ ಹೊಸ ಜೋಡಿ ಕೊಂಡಳು. ವಾಪಸು ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸರು ತಾಳಿಯನ್ನೊಮ್ಮೆ ಬರಿ ಬೆರಳನ್ನೊಮ್ಮೆ ನೋಡಿ ಪಿಸುಗುಟ್ಟಿದರು. "ಗಂಡ ಗುಂಡ್ಕಲ್ಲಿನಂಗೆ ಅವ್ನೆ. ನೋಡ್ಬೇಕು ಅಂದ್ರೆ ನಮ್ಮೂರಿಗೆ ಬರ್ರಿ, ಮುದ್ದೆ ಉಂಡ್ಕಂಡ್ ಹೋಗ್ರಿ" ಎಂದು ಮುದ್ದಕ್ಕ ಬಸ್ಸಿಗೆಲ್ಲ ಕೇಳುವಂತೆ ಕರೆದಳು. ಆಮೇಲೆ ಯಾರೂ ಆ ಕಡೆ ನೋಡಲಿಲ್ಲ.

ಓಬಣ್ಣ ಡಾಕ್ಟರ ಮಾತು ಕೇಳಿ ಅರ್ಧ ನಂಬಿ ಅರ್ಧ ನಂಬದೆ, "ಒಣಗಲಿ, ಆಮೇಲೆ ಬಂದು ನೋಡ್ತೀನಿ" ಎಂದು ಒಬ್ಬನೇ ಊರಿಗೆ ಹೋದ. ಗಾಯ ಒಣಗಿತು. ಹೊಸ ಚರ್ಮ ಎಳೆಯ ಬಣ್ಣದಲ್ಲಿ ಬಂತು. ದೀಪಾವಳಿಗೆ ಅವನು ಬಂದಾಗ ತಂಗಿಯೇ ಬಾವಿಯಿಂದ ಎರಡು ಕೊಡ ಹೊತ್ತು ಬರುತ್ತಿದ್ದಳು. ಅವನು ಕಾಲನ್ನಷ್ಟೇ ನೋಡಿ ನಕ್ಕುಬಿಟ್ಟ.

ಅಂದೇ ಹೊಸ ಉಂಗುರ ಹಾಕುವುದೆಂದಾಯಿತು. ಏಕಾಂತಮ್ಮ ಮಣೆಯ ಮೇಲೆ ಕೂತಳು. ನಿಂಗಕ್ಕ ಅರಿಶಿನ ಕುಂಕುಮದ ತಟ್ಟೆ ಹಿಡಿದು ಎದುರಿಗೆ ಕುಕ್ಕರಿಸಿದಳು. ಅವಳು ಪಾದಕ್ಕೆ ಕೈ ಚಾಚುತ್ತಲೇ ಹುಡುಗಿ ಕಾಲು ಹಿಂದೆಳೆದುಕೊಂಡಳು.

"ಉರೀತೈತೇನೆ?"

"ಇಲ್ಲ ನಿಂಗಕ್ಕ. ಅತ್ತೆ ಹಾಕ್ಲಿ."

ನಿಂಗಕ್ಕ ತಟ್ಟೆ ಹಿಡಿದೇ ಉಳಿದಳು. ಅಡುಗೆಮನೆಯಲ್ಲಿದ್ದ ಮುದ್ದಕ್ಕ ಬಾಗಿಲಿಗೆ ಬಂದು, "ಏನ್ ಮಾತು ಅಂತ ಆಡ್ತೀಯೆ!" ಎಂದು ಗದರಿದಳು. ಆಮೇಲೆ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ಬ್ಯಾಡ ಕಣವ್ವ. ಡಾಕ್ಟರು ಹೇಳಿದ್ದು ಉಂಗುರದ ಮಾತು. ಇದು ನಿನ್ ಗಂಡನ ಆಯಸ್ಸಿನ ಮಾತು. ಈ ಕೈ ಯಾಕೆ ಬೇಕು?"

ಏಕಾಂತಮ್ಮ ಎಂದೂ ಅತ್ತೆಗೆ ಎದುರಾಡಿದವಳಲ್ಲ. ಇಂದು ನೆಲ ನೋಡುತ್ತಲೇ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅವರನ್ನ ಎತ್ತಿ ಆಡಿಸಿ ಇಷ್ಟು ದೊಡ್ಡೋರನ್ನ ಮಾಡಿದ್ದು ಯಾವ ಕೈ ಅತ್ತೆ? ಅವರ ಆಯಸ್ಸಿಗೆ ಅದಕ್ಕಿಂತ ಒಳ್ಳೆ ಕೈ ಎಲ್ಲಿಂದ ತರಾಣ?"

ಕಾಟಪ್ಪ ಕಂಬಕ್ಕೊರಗಿ ಕಣ್ಣೊರೆಸಿಕೊಂಡ. ನಿಂಗಕ್ಕ ಕೆಟ್ಟವಳಲ್ಲ, ಕಂಡದ್ದನ್ನು ಆಡುವವಳು, ಅಷ್ಟೇ. ಅವಳು ಮೆಲ್ಲಗೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ಬಾ ಮುದ್ದಕ್ಕ, ಕುಂತ್ಕ. ಹೊತ್ತಾಗ್ತೈತೆ."

ಮುದ್ದಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಸಾಲದೆಂದು ಮತ್ತೊಮ್ಮೆ ಒರೆಸಿಕೊಂಡಳು. ಕೂತು ಸೊಸೆಯ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಎಷ್ಟೋ ತಿಂಗಳ ಮೇಲೆ ಮುಟ್ಟಿದ ಪಾದ. ಕಣ್ಣು ಮಂಜಾಗಿ ಬೆರಳೇ ಕಾಣಲಿಲ್ಲ. ತಡವಿಕೊಂಡೇ ಉಂಗುರ ಏರಿಸಿದಳು.

"ನೋವಾಯ್ತೇನವ್ವ?"

"ಇಲ್ಲ ಅತ್ತೆ" ಎಂದು ಏಕಾಂತಮ್ಮ ಇನ್ನೊಂದು ಕಾಲನ್ನು ಮುಂದೆ ಚಾಚಿದಳು.