ಸ್ಟೀರಿಂಗಿಗೆ ಕಟ್ಟಿದ ಕೆಂಪು ಬಟ್ಟೆ

ನನ್ನ ಗಂಡನಿಗೂ ಮೈದುನನಿಗೂ ಮಾತು ನಿಂತ ಮೇಲೆ ನಮ್ಮ ಗ್ಯಾರೇಜಿನಲ್ಲಿ ಅತಿ ಹೆಚ್ಚು ಓಡಿದ ಗಾಡಿ ನಾನೇ. ಮುಂಬಾಗಿಲ ಬಳಿಯ ಗೇರ್‌ಬಾಕ್ಸ್ ಮೇಜಿನಿಂದ ಒಳಗಿನ ರೋಲರ್ ಕೋಣೆಗೆ, ಅಲ್ಲಿಂದ ಮತ್ತೆ ಮೇಜಿಗೆ. "ಅವನಿಗೆ ಹೇಳು, ಎಣ್ಣೆ ತುಂಬ ಬಿಸಿ ಆಗ್ತಿದೆ ಅಂತ." "ಅತ್ತಿಗೆ, ಅಣ್ಣನಿಗೆ ಹೇಳಿ, ಅವನು ಹಾಕಿರೋ ಕೂಲರ್ ಸಣ್ಣದಾಯ್ತು ಅಂತ." ಇಬ್ಬರಿಗೂ ಕಿವಿ ನೆಟ್ಟಗಿವೆ, ನಡುವೆ ಇರುವುದು ಒಂದು ಗಾಜಿನ ಬಾಗಿಲು. ಆದರೂ ನಾನು ಹೇಳಿದ ಮೇಲೆಯೇ ಕೇಳಿಸಿದಂತೆ ತಲೆಯಾಡಿಸುತ್ತಿದ್ದರು.

ನಮ್ಮಲ್ಲಿಗೆ ಬರುವುದೆಲ್ಲ ದೊಡ್ಡ ಗಾಡಿಗಳು. ಏಳು ಜನ ಕೂರುವ, ಹತ್ತಲು ಮೆಟ್ಟಿಲು ಬೇಕಾಗುವ ಎಸ್‌ಯುವಿಗಳು. ಕಂಪನಿಯವರು ಕೊಟ್ಟ ಶಕ್ತಿ ಸಾಲದು ಎನ್ನುವವರು ಅವನ್ನು ತಂದು ನಿಲ್ಲಿಸುತ್ತಾರೆ. ಮೈದುನ ಎಂಜಿನ್ನಿಗೆ ಲ್ಯಾಪ್‌ಟಾಪ್ ಜೋಡಿಸಿ ಅದರ ತಲೆ ತಿದ್ದುತ್ತಾನೆ, ಟರ್ಬೊ ಬದಲಿಸುತ್ತಾನೆ. ಹಾಗೆ ಕೊಬ್ಬಿದ ಎಂಜಿನ್ನಿನ ಏಟು ತಡೆದುಕೊಳ್ಳುವಂತೆ ಗೇರ್‌ಬಾಕ್ಸನ್ನು ಗಟ್ಟಿ ಮಾಡುವುದು ನನ್ನ ಗಂಡನ ಕೆಲಸ. ಒಬ್ಬ ಓಡಿಸುವವನು, ಒಬ್ಬ ಹಿಡಿಯುವವನು. ಇಂಥ ಇಬ್ಬರು ಮಾತು ಬಿಟ್ಟರೆ ಹೇಗಿರುತ್ತದೆ ನೀವೇ ಹೇಳಿ. ಜಗಳಕ್ಕೆ ಕಾರಣವೂ ದೊಡ್ಡದಲ್ಲ. ಒಬ್ಬ ಗಿರಾಕಿಯ ಗೇರ್‌ಬಾಕ್ಸ್ ಸುಟ್ಟುಹೋದಾಗ, ಅವನ ಎದುರಿಗೇ ಇಬ್ಬರೂ ಒಬ್ಬರ ಮೇಲೊಬ್ಬರು ಬೆರಳು ತೋರಿಸಿದರು. ಆ ಬೆರಳು ಇಬ್ಬರಿಗೂ ಇನ್ನೂ ಮಡಚಲು ಬಂದಿರಲಿಲ್ಲ.

ಮನೆಯಲ್ಲಿ ಇವರಿಬ್ಬರೂ ಒಟ್ಟಿಗೆ ತಲೆ ಬಾಗಿಸುವುದು ಒಬ್ಬಳಿಗೆ ಮಾತ್ರ, ತಂಗಿಗೆ. ನನ್ನ ನಾದಿನಿ ಜೇನು ಸಾಕುತ್ತಾಳೆ, ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಜೇನಮ್ಮ. ಹೂ ಬಿಡುವ ಕಾಲಕ್ಕೆ ಪೆಟ್ಟಿಗೆಗಳನ್ನು ಟ್ರೇಲರಿಗೆ ಹೇರಿಕೊಂಡು ಬೆಟ್ಟ ಹತ್ತಿಳಿದು ಆಚೆಯ ಹಣ್ಣಿನ ತೋಟಗಳಿಗೆ ಹೋಗುತ್ತಾಳೆ. ಅವಳ ಗಾಡಿ ಆ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ದಾರಿಯಲ್ಲೇ ತಡವಾಗಿ, ಬಿಸಿಲೇರಿಬಿಟ್ಟರೆ ಮುಚ್ಚಿದ ಪೆಟ್ಟಿಗೆಯೊಳಗೆ ಹುಳಗಳು ಬೆಂದು ಸಾಯುತ್ತವೆ. ಕಳೆದ ಸಲ ಹಾಗೆ ಸತ್ತವನ್ನು ಮೊರದಲ್ಲಿ ತುಂಬಿ ಸುರಿದಿದ್ದಳು. ಈ ಸಲ ಗಾಡಿಯನ್ನೇ ತಂದು ನಿಲ್ಲಿಸಿ, "ಇಬ್ರೂ ಸೇರಿ ಇದಕ್ಕೆ ಶಕ್ತಿ ತುಂಬಿಸಿ" ಎಂದಳು. 'ಇಬ್ರೂ ಸೇರಿ' ಎನ್ನುವುದನ್ನು ಒತ್ತಿಯೇ ಹೇಳಿದಳು. ಇವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಕೆಲಸಕ್ಕೆ ಮಾತ್ರ ಕೈ ಹಾಕಿದರು.

ಇಲ್ಲಿ ಒಂದು ಸಂಗತಿ ಹೇಳಿಬಿಡಬೇಕು. ರಸ್ತೆಯಲ್ಲಿ ಓಡುವಾಗ ಗೇರ್‌ಬಾಕ್ಸು ಎಂಜಿನ್ನನ್ನು ಕೇಳುತ್ತಲೇ ಇರುತ್ತದೆ, ನೀನೀಗ ಎಷ್ಟು ಜೋರಾಗಿ ಎಳೆಯುತ್ತೀ ಎಂದು. ಉತ್ತರ ಎಷ್ಟೋ ಅಷ್ಟು ಬಿಗಿಯಾಗಿ ಅದು ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುತ್ತದೆ. ಉತ್ತರ ಅತಿಯಾದರೆ ಹೆದರಿ, ಸಾಕು ನಿಲ್ಲಿಸು ಎನ್ನುತ್ತದೆ. ಗಾಡಿಯನ್ನು ನೆಲಕ್ಕೆ ಪಟ್ಟಿ ಕಟ್ಟಿ ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವಾಗ ಈ ಹೆದರಿಕೆ ಅಡ್ಡ ಬರಬಾರದು. ಅದಕ್ಕೆ ಮೈದುನ ಆ ಹೊತ್ತಿಗೆ ಮಾತ್ರ ಎಂಜಿನ್ನಿನ ಕಂಪ್ಯೂಟರಿಗೆ ಬೇರೊಂದು ಫೈಲು ತುಂಬುತ್ತಾನೆ. ಅದರಲ್ಲಿ ಎಂಜಿನ್ನು ತನ್ನ ಬಲವನ್ನು ಅರ್ಧಕ್ಕರ್ಧ ಮುಚ್ಚಿಟ್ಟು ಹೇಳುತ್ತದೆ, ಬಿಸಿಯ ಎಚ್ಚರಿಕೆ ದೀಪವೂ ಹತ್ತುವುದಿಲ್ಲ. ನಾವು ಅದನ್ನು ಸುಳ್ಳಿನ ಫೈಲು ಎನ್ನುತ್ತೇವೆ. ಫ್ಯಾನಿನ ಗಾಳಿಯಲ್ಲಿ ಸ್ವಲ್ಪ ಹೊತ್ತಿಗೆ ಅದರಿಂದ ಏನೂ ಆಗುವುದಿಲ್ಲ. ಅದನ್ನೇ ಇಟ್ಟುಕೊಂಡು ಭಾರ ಎಳೆದು ಬೆಟ್ಟ ಹತ್ತಿದರೆ ಪ್ಲೇಟುಗಳು ಸಡಿಲ ಹಿಡಿತದಲ್ಲಿ ಜಾರಿ ಜಾರಿ ಸುಡುತ್ತವೆ.

ಹಾಗಾಗಿ ಸುಳ್ಳಿನ ಫೈಲು ತುಂಬಿದ ಕೂಡಲೇ ಸ್ಟೀರಿಂಗಿಗೆ ಕೆಂಪು ಬಟ್ಟೆ ಕಟ್ಟಬೇಕು. ಮತ್ತೆ ನಿಜ ಹೇಳುವ ರಸ್ತೆಯ ಫೈಲು ತುಂಬಿದ ಮೇಲೆ ಬಿಚ್ಚಬೇಕು. ಕಟ್ಟಿದವರೇ ಬಿಚ್ಚಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ಈ ಕಟ್ಟಳೆ ಮಾಡಿದವನು ನನ್ನ ಗಂಡನೇ.

ಜೇನಮ್ಮ ಹೊರಡುವ ಹಿಂದಿನ ಸಂಜೆ ಮೈದುನ ಅವಳ ಗಾಡಿಯನ್ನು ರೋಲರ್ ಮೇಲೆ ಓಡಿಸಿದ. ಬಟ್ಟೆ ಕಟ್ಟಿದ. ರಸ್ತೆಯ ಫೈಲು ತುಂಬುವಷ್ಟರಲ್ಲಿ ಲ್ಯಾಪ್‌ಟಾಪಿನ ಚಾರ್ಜು ಮುಗಿಯಿತು. ಕೇಬಲ್ ಸುತ್ತಿ ಮೊಳೆಗೆ ಹಾಕಿ, ಬೆಳಗ್ಗೆ ತುಂಬಿದರಾಯಿತು ಎಂದು ಅದನ್ನು ಮಹಡಿಗೆ ಕೊಂಡುಹೋದ. ಗಾಡಿ ರಸ್ತೆಯ ಫೈಲಿಗೆ ಕಾಯುತ್ತಿದೆ ಎಂದು ಅಣ್ಣನಿಗೆ ಹೇಳಲಿಲ್ಲ. ನನಗೆ ಹೇಳಬಹುದಿತ್ತು. ನನಗೆ ಹಲ್ಲುನೋವು, ಕೆನ್ನೆ ಊದಿಕೊಂಡು ಮಾತ್ರೆ ನುಂಗಿ ಮಲಗಿದ್ದೆ.

ಬೆಳಕು ಹರಿಯುವ ಮುಂಚೆ ಜೇನಮ್ಮ ಬಂದಳು. ಪೆಟ್ಟಿಗೆ ಹೇರಿದ ಟ್ರೇಲರನ್ನು ಪಕ್ಕದ ಮನೆಯವನು ತನ್ನ ಗಾಡಿಯಲ್ಲಿ ಎಳೆದು ತಂದು ಬಿಟ್ಟುಹೋದ. ನನ್ನ ಗಂಡ ಗಾಡಿಯಡಿ ಇಣುಕಿ ನೋಡಿದರು, ಎಣ್ಣೆ ಸೋರಿಲ್ಲ. ಒಳಗೆ ನೋಡಿದರು, ಲ್ಯಾಪ್‌ಟಾಪಿಲ್ಲ, ಕೇಬಲ್ ಮೊಳೆಯ ಮೇಲಿದೆ. ಕೆಲಸ ಮುಗಿಸಿ ಬಟ್ಟೆ ಬಿಚ್ಚಲು ಮರೆತಿದ್ದಾನೆ ಎಂದುಕೊಂಡರು. ಮೆಟ್ಟಿಲ ಕೆಳಗೆ ನಿಂತು ಒಂದು ಸಲ ಕೂಗಿದ್ದರೆ ಸಾಕಿತ್ತು. ಆದರೆ ಮೊದಲು ಕೂಗಿದವನು ಸೋತ ಹಾಗಲ್ಲವೇ? ಗಂಟು ಬಿಚ್ಚಿ, ಬಟ್ಟೆಯನ್ನು ಗಾಡಿಯ ಬಾಗಿಲ ಜೇಬಿಗೆ ತುರುಕಿ, ತಂಗಿಯ ಕೈಗೆ ಬೀಗದ ಕೈ ಕೊಟ್ಟುಬಿಟ್ಟರು.

ಮೈದುನ ನನ್ನ ಕೋಣೆಯ ಬಾಗಿಲು ಬಡಿದಾಗ ಬಿಸಿಲು ಆಗ ತಾನೇ ಕಿಟಕಿಗೆ ಬಂದಿತ್ತು. ಚಾರ್ಜು ತುಂಬಿದ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡಿದ್ದ.

"ಅತ್ತಿಗೆ, ಜೇನಮ್ಮನ ಗಾಡಿ ಎಲ್ಲಿ?"

ನಾನು ಬಾಯಿ ತೆರೆಯಲಾರದೆ ಕೆಳಗೆ ಬೆರಳು ತೋರಿಸಿದೆ. ಅವನು ತಲೆಯಾಡಿಸಿದ. "ಇಲ್ಲ. ಅದರೊಳಗೆ ಇನ್ನೂ ಸುಳ್ಳಿನ ಫೈಲಿದೆ."

ಹಲ್ಲು ಎಲ್ಲಿತ್ತೋ, ನೋವು ಎಲ್ಲಿತ್ತೋ ತಿಳಿಯಲಿಲ್ಲ. ಕೆಳಗೆ ಓಡಿದೆ. ನನ್ನ ಗಂಡ ಮೇಜಿನ ಬಳಿ ಸ್ಪ್ಯಾನರ್ ಒರೆಸುತ್ತಿದ್ದರು. ಹಿಂದೆ ಬಂದ ತಮ್ಮನ ಮುಖ ನೋಡಿದ್ದೇ ಅವರಿಗೆ ಎಲ್ಲ ತಿಳಿದುಹೋಯಿತು. ಸ್ಪ್ಯಾನರ್ ಕೆಳಗಿಡಲಿಲ್ಲ, ಅದನ್ನು ಹಿಡಿದುಕೊಂಡೇ ವ್ಯಾನ್ ಹತ್ತಿದರು.

ಮೈದುನ ಓಡಿಸಿದ, ಗಂಡ ಪಕ್ಕದಲ್ಲಿ, ನಾನು ಹಿಂದೆ. ಜೇನಮ್ಮನ ಫೋನು ಹತ್ತಲಿಲ್ಲ. ಆ ಬೆಟ್ಟದಲ್ಲಿ ಯಾರ ಫೋನೂ ಹತ್ತುವುದಿಲ್ಲ.

"ಅತ್ತಿಗೆ," ಎಂದ ಮೈದುನ, ಕಣ್ಣು ರಸ್ತೆಯ ಮೇಲೆ. "ಅಣ್ಣನ್ನ ಕೇಳಿ, ಪ್ಲೇಟು ಎಲ್ಲ ಹೊಸದು ತಾನೇ?"

"ಹೊಸದೇ ಅಂತ ಹೇಳು."

ನನಗೆ ಸಿಟ್ಟು ನೆತ್ತಿಗೇರಿತು. ತಂಗಿಯ ಪ್ರಾಣ ಬೆಟ್ಟದ ಮೇಲಿದೆ, ಇವರಿಗೆ ಈಗಲೂ ಅಂಚೆಯವಳು ಬೇಕು. ಊದಿದ ಕೆನ್ನೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಬಾಯಿ ತೆರೆದಷ್ಟರಲ್ಲೇ ಹೇಳಿದೆ. "ಇನ್ನೊಂದು ಸಲ ನನ್ನನ್ನ ಕೇಳಿದ್ರೆ ಇಬ್ಬರನ್ನೂ ಇಲ್ಲೇ ಇಳಿಸಿ ನಾನೇ ಓಡಿಸ್ಕೊಂಡು ಹೋಗ್ತೀನಿ."

ಎರಡು ತಿರುವು ದಾಟಿದವು. ಆಮೇಲೆ ನನ್ನ ಗಂಡ ಗಾಜಿನ ಕಡೆ ನೋಡುತ್ತಲೇ ಶುರು ಮಾಡಿದರು.

"ಅರ್ಧ ಬೆಟ್ಟ ತಡ್ಕೊಳ್ಳುತ್ತೆ ಕಣೋ. ಆಮೇಲೆ ಜಾರೋಕೆ ಶುರುವಾಗುತ್ತೆ."

"ಜಾರಿದ್ರೆ ಅವಳಿಗೆ ಗೊತ್ತಾಗಲ್ವಾ ಅಣ್ಣ?"

"ಎಲ್ಲಿ ಗೊತ್ತಾಗುತ್ತೆ. ನೀನು ತುಂಬಿರೋ ಶಕ್ತಿ ಇದೆಯಲ್ಲ, ಎಲ್ಲ ಮುಚ್ಚಿಹಾಕುತ್ತೆ. ಸ್ವಲ್ಪ ಜಾಸ್ತಿ ಒತ್ತಿ ಹತ್ತಿಸ್ತಾಳೆ. ಹತ್ತೋದಲ್ಲ ಭಯ. ಇಳಿಯೋದು."

ಮೈದುನ ವೇಗ ಹೆಚ್ಚಿಸಿದ. ಅವನಿಗೂ ಗೊತ್ತು, ನನಗೂ ಗೊತ್ತು. ಇಳಿಜಾರಿನಲ್ಲಿ ಹಿಂದಿನ ಭಾರವನ್ನು ತಡೆಯುವುದು ಗೇರು. ಸುಟ್ಟ ಪ್ಲೇಟು ಏನನ್ನೂ ಹಿಡಿಯುವುದಿಲ್ಲ. ಆಗ ಉಳಿಯುವುದು ಬರೀ ಬ್ರೇಕು. ಆ ಉದ್ದದ ಇಳಿಜಾರಿನಲ್ಲಿ ಅಷ್ಟು ಭಾರಕ್ಕೆ ಬ್ರೇಕು ಎಷ್ಟು ಹೊತ್ತು ಬಾಳುತ್ತದೆ? ತುದಿ ಮುಟ್ಟುವ ಮೊದಲು ಅವಳನ್ನು ಹಿಡಿಯಬೇಕು.

ಅರ್ಧ ಬೆಟ್ಟ ದಾಟಿದಾಗ ಗಂಡ ಕಿಟಕಿ ಇಳಿಸಿದರು. ಸುಟ್ಟ ಎಣ್ಣೆಯ ವಾಸನೆ ಒಳಗೆ ಬಂತು. ಗ್ಯಾರೇಜಿನಲ್ಲಿ ಬಾಳಿದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಮುಂದಿನ ತಿರುವಿನಲ್ಲಿ ರಸ್ತೆಯ ಮೇಲೆ ಕಪ್ಪು ಹನಿಗಳು, ಅದರ ಮುಂದೆ ಹನಿಗಳು ಸೇರಿ ಗೆರೆ. ಗಂಡ ಬಿಟ್ಟ ಉಸಿರು ಹಿಂದೆ ಕೂತ ನನಗೂ ಕೇಳಿಸಿತು.

"ನಾನು ಕೂಗಬೇಕಿತ್ತು ನಿನ್ನ," ಎಂದರು.

"ನಾನು ಹೇಳಿ ಹೋಗಬೇಕಿತ್ತು," ಎಂದ ಮೈದುನ.

ಅಷ್ಟು ದಿನ ನಾನು ಕಾಯುತ್ತಿದ್ದ ಮಾತು ಅದೇ. ಆ ಗಳಿಗೆಯಲ್ಲಿ ಅದು ಯಾರಿಗೆ ಬೇಕಾಗಿತ್ತು? ನನಗೆ ಇಬ್ಬರ ಮೇಲೂ ಅಸಹ್ಯವಾಯಿತು, ಜೊತೆಗೆ ಅಳುವೂ ಬಂತು.

ಬೆಟ್ಟದ ತುದಿಯಲ್ಲಿ ಗಾಡಿಗಳು ತಂಗುವ ಬಯಲಿದೆ. ಅಲ್ಲಿ ಅವಳಿರಲಿಲ್ಲ. ಚಕ್ರಕ್ಕೆ ನೀರು ಸುರಿಯುತ್ತಿದ್ದ ಲಾರಿ ಡ್ರೈವರು ನಮ್ಮನ್ನು ನೋಡಿ ತಾನಾಗಿಯೇ ಕೈ ಬೀಸಿದ. "ಪೆಟ್ಟಿಗೆ ಗಾಡಿ ಹುಡುಕ್ತಿದೀರಾ? ಈಗಷ್ಟೇ ಇಳೀತು. ಹೊಗೆ ಬರ್ತಿತ್ತು, ನಾನು ಕೂಗಿದೆ, ಅವರಿಗೆ ಕೇಳಿಸಲಿಲ್ಲ."

ಇಳಿಜಾರಿನ ಮೊದಲ ತಿರುವುಗಳಲ್ಲಿ ಎಣ್ಣೆಯ ಗೆರೆ ಅವಳ ಪಾಲಿನ ರಸ್ತೆಯಲ್ಲೇ ನೆಟ್ಟಗಿತ್ತು. ನಂತರ ನಡುಗೆರೆ ದಾಟತೊಡಗಿತು. ಒಂದು ಕಡೆ ಕಣಿವೆಯ ಅಂಚಿನ ಕಂಬಿಗೆ ತೀರ ಹತ್ತಿರ ಹೋಗಿ ವಾಪಸು ಬಂದಿತ್ತು. ಬ್ರೇಕು ಸುಟ್ಟ ವಾಸನೆಯೂ ಸೇರಿಕೊಂಡಿತು. ನಾನು ಕಣ್ಣು ಮುಚ್ಚಿದೆ, ಮತ್ತೆ ತೆರೆದೆ. ಮುಚ್ಚಿದರೆ ಇನ್ನೂ ಕೆಟ್ಟದ್ದು ಕಾಣುತ್ತಿತ್ತು.

ಮೊದಲು ಕಂಡಿದ್ದು ಹುಳಗಳು. ರಸ್ತೆಯ ಮೇಲೆ ಕಂದು ಹೊಗೆಯಂತೆ ಏಳುತ್ತಿದ್ದವು. ಟ್ರೇಲರು ಮಗುಚಿತ್ತು, ಪೆಟ್ಟಿಗೆಗಳು ಒಡೆದು ಜೇನು ಟಾರಿಗೆ ಹರಿದಿತ್ತು. ಗಾಡಿಯ ಮೂತಿ ಬೆಟ್ಟದ ಕಡೆಯ ಮಣ್ಣಿಗೆ ಹೂತು ನಿಂತಿತ್ತು. ಜೇನಮ್ಮ ಸ್ವಲ್ಪ ದೂರದ ಮೋಟುಗೋಡೆಯ ಮೇಲೆ ಕೂತಿದ್ದಳು. ಬಿಳಿ ಅಂಗಿ, ಮುಖದ ಮೇಲೆ ಬಲೆ, ಒಂದು ತೋಳನ್ನು ಇನ್ನೊಂದರಿಂದ ಎದೆಗೆ ಒತ್ತಿಕೊಂಡಿದ್ದಳು.

ಇಬ್ಬರೂ ಹುಳಗಳ ನಡುವೆಯೇ ಓಡಿದರು. ಮುಖಕ್ಕೆ, ಕತ್ತಿಗೆ ಕಚ್ಚಿಸಿಕೊಂಡರು, ಒಬ್ಬರೂ ಕೈಯೆತ್ತಿ ಓಡಿಸಿಕೊಳ್ಳಲಿಲ್ಲ. ಸೆರಗು ತಲೆಗೆ ಸುತ್ತಿಕೊಂಡು ನಾನೂ ಹೋದೆ. ಅವಳು ಅಣ್ಣಂದಿರನ್ನು ದಾಟಿ ನನ್ನನ್ನು ನೋಡಿದಳು.

"ಗೇರ್ ಇಳಿಸಿದ್ರೂ ಗಾಡಿ ಹಿಡೀಲಿಲ್ಲ ಅತ್ತಿಗೆ. ಬ್ರೇಕು ಪೊಳ್ಳಾಯ್ತು. ಒಂದು ಕಡೆ ಕಣಿವೆ, ಒಂದು ಕಡೆ ಮಣ್ಣು. ಮಣ್ಣಿಗೆ ತಿರುಗಿಸಿದೆ."

ಹಿಡಿದುಕೊಂಡ ತೋಳಿನ ಮುಷ್ಟಿಯಲ್ಲಿ ಕೆಂಪು ಬಟ್ಟೆಯಿತ್ತು. ಗುದ್ದಿದ ರಭಸಕ್ಕೆ ಬಾಗಿಲ ಜೇಬಿನಿಂದ ಅವಳ ಮಡಿಲಿಗೆ ಬಿದ್ದಿತ್ತಂತೆ. ಆ ಬಟ್ಟೆ ಏನೆಂದು ಅವಳಿಗೆ ಗೊತ್ತು. ಈ ಗ್ಯಾರೇಜಿನಲ್ಲೇ ಆಡಿ ಬೆಳೆದವಳು.

"ಇದನ್ನ ಬಿಚ್ಚಿದ್ದು ಯಾರು ಅಂತ ಕೇಳಿ ಅತ್ತಿಗೆ."

"ನಾನು," ಎಂದರು ನನ್ನ ಗಂಡ. "ಇವನನ್ನ ಕೇಳಲಿಲ್ಲ."

"ನಾನೂ ಹೇಳಲಿಲ್ಲ," ಎಂದ ಮೈದುನ.

"ಈಗ ಮಾತಾಡ್ತಿದಾರಾ ಇವರಿಬ್ರೂ?"

"ಹೂಂ," ಎಂದೆ.

"ಒಳ್ಳೇದಾಯ್ತು," ಎಂದಳು. ಅಳಲಿಲ್ಲ, ಬೈಯಲಿಲ್ಲ. ಎಳೆದುಕೊಂಡು ಹೋಗುವ ಲಾರಿ ಬಂದಾಗ ಯಾರಿಗೂ ಹೇಳದೆ ಎದ್ದು ಹೋಗಿ, ಬಲೆ ಮೇಲೆತ್ತಿ, ಒಂದು ಕೈಯಲ್ಲೂ ಹಲ್ಲಿನಲ್ಲೂ ಎಳೆದು ಬಟ್ಟೆಯನ್ನು ಸ್ಟೀರಿಂಗಿಗೆ ಬಿಗಿಯಾಗಿ ಗಂಟು ಹಾಕಿದಳು. ಸಹಾಯಕ್ಕೆ ಹೋದ ನನ್ನ ಗಂಡ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

ಅವಳ ಹೆಗಲ ಮೂಳೆ ಮುರಿದಿತ್ತು, ಕೂಡಿತು. ಹುಳಗಳು ಹೆಚ್ಚಿನವು ಮರಳಿ ಬರಲಿಲ್ಲ. ಅಣ್ಣತಮ್ಮಂದಿರು ಈಗ ಬೆಳಗಿನಿಂದ ಸಂಜೆಯ ತನಕ ಮಾತಾಡುತ್ತಾರೆ, ಮಧ್ಯೆ ನನಗೊಂದು ಮಾತು ತೂರಿಸಲು ಜಾಗವಿಲ್ಲ. ಗಾಡಿಯನ್ನು ಇಬ್ಬರೂ ಸೇರಿ ಕೂತು ಕಟ್ಟಿದರು, ಪ್ಲೇಟಿನಿಂದ ಬ್ರೇಕಿನವರೆಗೆ. ರಸ್ತೆಯ ಫೈಲು ತುಂಬುವಾಗ ಗಂಡ ಮಗ್ಗುಲಲ್ಲಿ ನಿಂತು ಕೊನೆಯ ಗೆರೆ ಮುಗಿಯುವ ತನಕ ನೋಡಿದರು. ಸ್ಟೀರಿಂಗಿನ ಬಟ್ಟೆಯನ್ನು ಮಾತ್ರ ಇಬ್ಬರೂ ಮುಟ್ಟಲಿಲ್ಲ, ಕಟ್ಟಿದವಳೇ ಬಂದು ಬಿಚ್ಚಬೇಕು.

ಮೊನ್ನೆ ಜೇನಮ್ಮ ಫೋನು ಮಾಡಿದಳು. "ಅತ್ತಿಗೆ, ಗಾಡಿ ಆಯ್ತಾ ಅಂತ ಅವರನ್ನ ಕೇಳಿ." ಅಣ್ಣಂದಿರಿಬ್ಬರೂ ಕೆಲಸ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು. ಹಲ್ಲು ಕೀಳಿಸಿಯಾಗಿತ್ತು, ಬಾಯಿ ಚೆನ್ನಾಗಿಯೇ ಇತ್ತು.

"ನನಗೆ ಹಲ್ಲುನೋವು ಕಣೇ. ನೀನೇ ಕೇಳು," ಎಂದು ಫೋನನ್ನು ಅವರ ಕಡೆ ಹಿಡಿದೆ. ಆ ಕಡೆ ಅವಳ ಉಸಿರು ಕೇಳಿಸಿತು. ಈ ಕಡೆ ಇಬ್ಬರೂ ಉಸಿರು ಬಿಡಲಿಲ್ಲ. ಆಮೇಲೆ ಅವಳು ಫೋನಿಟ್ಟಳು.

ಬ್ಯಾಟರಿ ಇಳಿಯಬಾರದೆಂದು ನನ್ನ ಗಂಡ ದಿನಾ ಬೆಳಗ್ಗೆ ಆ ಗಾಡಿಯಲ್ಲಿ ಕೂತು ಎಂಜಿನ್ ಹಚ್ಚುತ್ತಾರೆ. ಬಟ್ಟೆಯ ಆ ಕಡೆ ಒಂದು ಕೈ, ಈ ಕಡೆ ಒಂದು ಕೈ ಇಟ್ಟು, ಗಂಟಿಗೆ ತಾಗದಂತೆ ಸ್ಟೀರಿಂಗ್ ಹಿಡಿದು ಸ್ವಲ್ಪ ಹೊತ್ತು ಕೂತಿರುತ್ತಾರೆ. ಆಮೇಲೆ ಇಳಿದು, ಗೇಟಿನ ತನಕ ಹೋಗಿ ರಸ್ತೆ ನೋಡಿ ಬರುತ್ತಾರೆ.