ಸೋರದ ಕೋಣೆ

ಮಗಳ ತಲೆಯ ಗಾಯ ತೊಳೆಯುವುದು ಮಾಯವ್ವನಿಂದ ಆಗುತ್ತಿರಲಿಲ್ಲ. ಅವಳು ಕೈ ಹಚ್ಚಿದರೆ ಸಾಕು, ನೀಲಾ ಚಿಟ್ಟನೆ ಚೀರುತ್ತಿದ್ದಳು. ಗಾಯದ ನೋವಿಗಲ್ಲ, ಅವ್ವನ ಕೈಯ ಉರಿಗೆ. ದಿನವೆಲ್ಲ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೈ ಅದು. ಬೂದಿ ಹಚ್ಚಿ ತಿಕ್ಕಿದರೂ ಹೋಗಲಿಲ್ಲ, ಮಜ್ಜಿಗೆಯಲ್ಲಿ ಅದ್ದಿದರೂ ಹೋಗಲಿಲ್ಲ. ಖಾರ ಬೆರಳ ಸಂದಿಯಲ್ಲಿ ಮನೆ ಮಾಡಿಕೊಂಡು ಕೂತುಬಿಟ್ಟಿತ್ತು. ಅದಕ್ಕೇ ದಿನಾ ಬೆಳಗ್ಗೆ ಸಾಲಿಯಲ್ಲಿ ರಿಯಾಜ ಮಾಸ್ತರರೇ ಬಿಸಿನೀರು, ಹತ್ತಿ ತಗೊಂಡು ಗಾಯ ಒರೆಸುತ್ತಿದ್ದರು. ಹಡೆದವ್ವ ಮುಟ್ಟಿದರೆ ಉರಿ, ಮಾಸ್ತರು ಮುಟ್ಟಿದರೆ ತಂಪು. ಆ ತಾಯಿಯ ಕರುಳಿಗೆ ಹೇಗಾಗಿರಬೇಡ!

ಗಾಯ ಆದದ್ದೂ ಸಾಲಿಯಲ್ಲೇ. ಹೊಳೆದಂಡೆಯ ಹಳೇ ಊರಿನ ಹಳೇ ಸಾಲಿ. ಕೊಣ್ಣೂರಿನ ಸೇತುವೆ ಮುಳುಗಿದ ವರ್ಷ ಮಲಪ್ರಭೆ ಒಳಗೆ ನುಗ್ಗಿ ಎರಡರಲ್ಲಿ ಒಂದು ಕೋಣೆಯನ್ನು ಮಲಗಿಸಿ ಹೋಗಿದ್ದಳು. ಉಳಿದ ಇನ್ನೊಂದರಲ್ಲಿ ಐದೂ ತರಗತಿ, ಒಬ್ಬರೇ ಮಾಸ್ತರು. ಛತ್ತಿನ ಕಬ್ಬಿಣ ತುಕ್ಕು ಹಿಡಿದು ಹೊರಗೆ ಇಣುಕಿತ್ತು. ಅಂದು ನೀಲಾ ಎದ್ದು ನಿಂತು ಏಳರ ಮಗ್ಗಿ ಹೇಳುತ್ತಿದ್ದಳು. ಏಳ್ನಾಕ್ಲೆ ಇಪ್ಪತ್ತೆಂಟು ಅನ್ನುವಷ್ಟರಲ್ಲಿ ಮೇಲಿನ ಸಿಮೆಂಟಿನ ಗಿಲಾವು ಕಳಚಿ ಅವಳ ನೆತ್ತಿಗೇ ಬಿತ್ತು. ಹೊಳೆಆಲೂರಿನ ಡಾಕ್ಟರು ಹೊಲಿಗೆ ಹಾಕಿ, "ಇನ್ನ ಒಂದೀಟ ದೊಡ್ಡದಿದ್ದರ ಹುಡುಗಿ ಉಳೀತಿರಲಿಲ್ಲವ್ವಾ" ಅಂದಿದ್ದರು. ಅಂದಿನಿಂದ ನೀಲಾ ಸಾಲಿಯಲ್ಲಿ ಪುಸ್ತಕ ನೋಡುವುದು ಬಿಟ್ಟು ಛತ್ತು ನೋಡುತ್ತ ಕೂರುತ್ತಿದ್ದಳು.

ಹಾಗಾದರೆ ಸರಕಾರ ಹೊಸ ಸಾಲಿ ಕಟ್ಟಿಸಿಲ್ಲವೇ? ಕಟ್ಟಿಸಿದೆ. ಚಂದಾಗಿಯೇ ಕಟ್ಟಿಸಿದೆ. ಪ್ರವಾಹ ಬಂದ ಮೇಲೆ ದಿಬ್ಬದ ಮೇಲಿನ ಕಪ್ಪು ಎರಿ ಮಣ್ಣಿನ ಹೊಲದಲ್ಲಿ ಹೊಸ ಊರು ಎದ್ದಿತು. ಹೊಲ ಮಹಾಲಿಂಗಪ್ಪ ಸಾವ್ಕಾರರದು. ಸರಕಾರಕ್ಕೆ ಮಾರಿ ಗಂಟು ಮಾಡಿಕೊಂಡರು, ಹೆಸರನ್ನೂ ಮಾಡಿಕೊಂಡರು. ಅಲ್ಲಿ ನೀರಿಲ್ಲ, ದನ ಕಟ್ಟಲು ಜಾಗವಿಲ್ಲ ಎಂದು ಜನ ಒಬ್ಬೊಬ್ಬರಾಗಿ ಹೊಳೆದಂಡೆಗೇ ಇಳಿದರು. ಸಾಲಿ ಮಾತ್ರ ಅಲ್ಲೇ ನಿಂತಿತು. ದೊಡ್ಡ ಕೋಣೆ, ಹಸಿರು ಬೋರ್ಡು, ಗೋಡೆಗೆ ಬಣ್ಣದಲ್ಲಿ ಬರೆದ ಅ ಆ ಇ ಈ, ನಡುವೆ ಫ್ಯಾನು. ಕೀಲಿ ಮಹಾಲಿಂಗಪ್ಪನ ಉಡಿದಾರದಲ್ಲಿ. ಯಾಕೆಂದರೆ ಸಾಲಿಯ ಸಮಿತಿಗೆ ಅವರೇ ಅಧ್ಯಕ್ಷರು. ಅಧ್ಯಕ್ಷರಾಗಲು ಮನೆಯ ಮಗು ಈ ಸಾಲಿಯಲ್ಲಿ ಇರಬೇಕಲ್ಲ? ಇದೆ. ಮೊಮ್ಮಗನ ಹೆಸರು ಇಲ್ಲಿದೆ, ಮೊಮ್ಮಗ ಗಜೇಂದ್ರಗಡದ ಇಂಗ್ಲಿಷ್ ಸಾಲಿಯಲ್ಲಿದ್ದಾನೆ!

ಮಾಯವ್ವ ಮೆಣಸಿನಕಾಯಿ ಬಿಡಿಸುತ್ತಿದ್ದದ್ದು ಆ ಹೊಸ ಸಾಲಿಯ ಕೋಣೆಯಲ್ಲೇ. ಸಾವ್ಕಾರರ ಮಾಲು ಗೋಡೆಯ ಅ ಆ ಇ ಈ ಮುಚ್ಚುವಷ್ಟು ಎತ್ತರ ಬಿದ್ದಿರುತ್ತಿತ್ತು. ಗಂಡ ಕನಕಪ್ಪ ರಸ್ತೆ ಕೆಲಸಕ್ಕೆಂದು ಗೋವಾ ಕಡೆ ಹೋಗಿದ್ದ. ಊರಲ್ಲಿ ಸುಗ್ಗಿ ಮುಗಿದ ಮೇಲೆ ಹೆಂಗಸರಿಗೆ ಇದ್ದ ಕೂಲಿ ಇದೊಂದೇ. ಹಳೇ ಸಾಲಿ ರಿಪೇರಿ ಮಾಡಿಸಿರೆಂದು ಅವಳು ಪಂಚಾಯತಿಗೆ ಹೋಗಿ ಕೇಳಿದ್ದಳು. "ಅಲ್ಲಿ ಸಾಲಿನ ಇಲ್ಲಲ್ಲವಾ, ನಿಮ್ಮ ಸಾಲಿ ಮ್ಯಾಲ ದಿಬ್ಬದಾಗ ನಡದೈತಿ ಅಂತ ಕಾಗದದಾಗ ಐತಿ. ಇಲ್ಲದ ಸಾಲಿಗೆ ರೊಕ್ಕ ಯಾರ ಕೊಡ್ತಾರ?" ಅಂದಿದ್ದರು. ಮಗಳ ತಲೆ ಒಡೆದ ಸಾಲಿ ಇಲ್ಲವಂತೆ. ಮೆಣಸಿನಕಾಯಿ ತುಂಬಿದ್ದು ಸಾಲಿಯಂತೆ.

ಅವತ್ತು ಮಧ್ಯಾಹ್ನ ಮಹಾಲಿಂಗಪ್ಪ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಎಲ್ಲಾರೂ ಕೇಳ್ರಿ. ನಾಳೆ ತಾಲೂಕಿನ ಸಾಹೇಬ್ರ ಸಾಲಿ ನೋಡಾಕ ಬರ್ತಾರ. ಇವತ್ತ ಸಂಜಿಯೊಳಗ ಮಾಲ ಎಲ್ಲಾ ಹಿತ್ತಲಕ್ಕ ಹೋಗಬೇಕು. ಕಸಾ ಹೊಡದು, ನೆಲ ತೊಳದು, ಕೋಣಿ ಲಕಲಕ ಅನ್ನಬೇಕು. ಹುಡುಗರನ್ನ ನಮ್ಮ ಆಳ ಬಸ್ಯಾ ಟ್ರ್ಯಾಕ್ಟರ್‌ದಾಗ ಕರ್ಕೊಂಡ ಬರ್ತಾನ."

"ಯಾಕ ಬರ್ತಾರ್ರಿ ಸಾಹೇಬ್ರು?" ಮಾಬೂಬಿ ಕೇಳಿದಳು. ಅವಳ ಮೊಮ್ಮಗಳು ನಾಜಮೀನ ನೀಲಾಳ ಜೊತೆಗೇ ಓದುತ್ತಿದ್ದಳು.

"ಸಾಲಿ ಚಲೋ ನಡದೈತಿ ಅಂತ ಬರದ್ರ ಇನ್ನೂ ಎರಡ ಕೋಣಿ ಮಂಜೂರ ಅಕ್ಕಾವ. ನಿಮ್ಮ ಮಕ್ಕಳ ಸಲುವಾಗೇ ಓಡ್ಯಾಡಾಕತ್ತೀನಿ ನಾನು."

ಎರಡು ಕೋಣೆ ಬಂದರೆ ಒಂದರಲ್ಲಿ ಕಡಲೆ, ಇನ್ನೊಂದರಲ್ಲಿ ಉಳ್ಳಾಗಡ್ಡಿ. ಅಲ್ಲಿದ್ದ ಎಲ್ಲ ಹೆಂಗಸರಿಗೂ ಅದು ಗೊತ್ತಿತ್ತು. ಮಾಯವ್ವ ಮಾತ್ರ ತಡೆಯಲಾರದೆ ಎದ್ದು ನಿಂತಳು.

"ಸಾಹೇಬ್ರ ಹೋದ ಮ್ಯಾಲರೀ?"

"ಹೋದ ಮ್ಯಾಲ ಏನ? ಮಾಲ ಒಳಗ, ಹುಡುಗರು ಮನಿಗೆ."

"ಹುಡುಗರು ಇಲ್ಲೇ ಇರಲಿ ಬಿಡ್ರಿ ಸಾವ್ಕಾರ್ರ. ದಿನಾ ನಡ್ಕೋತ ಬರ್ತಾವ. ಕೆಳಗಿಂದು ಇವತ್ತೋ ನಾಳೆಯೋ ಬೀಳತೈತಿ. ನನ್ನ ಮಗಳ ತಲಿ ನೀವ ನೋಡೀರಿ."

ಮಹಾಲಿಂಗಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗುವ ಗರಜು ಅವರಿಗಿರಲಿಲ್ಲ.

"ಮಾಯವ್ವ, ನಿನಗ ಈ ಕೂಲಿ ಬ್ಯಾಡಾಗೇತೇನ? ಬ್ಯಾಡಂದ್ರ ಹೇಳು, ಬೆಳವಣಕಿ ಕಡಿಂದ ಗಾಡಿಗಟ್ಟಲೆ ಹೆಣ್ಣಾಳ ಬರ್ತಾವ. ಆ ರಿಯಾಜ ಮಾಸ್ತರಗೂ ಹೇಳು. ಮುಂದಿನ ವರ್ಷ ಅವನ್ನ ತಗೋಬೇಕೋ ಬಿಡಬೇಕೋ ಅಂತ ಬರದ ಕೊಡೂದು ಇದ ಸಮಿತಿ."

ರಿಯಾಜ ಮಾಸ್ತರು ಖಾಯಂ ನೌಕರರಲ್ಲ. ವರ್ಷವರ್ಷವೂ ಹೊಸದಾಗಿ ಕೈಕಟ್ಟಿ ನಿಲ್ಲಬೇಕಾದ ಅತಿಥಿ ಶಿಕ್ಷಕರು. ಅತಿಥಿ ಅಂತ ಹೆಸರು, ಒಂದು ಲೋಟ ಚಹಾದ ಉಪಚಾರವಿಲ್ಲ. ಮಾಯವ್ವ ಮತ್ತೆ ಬುಟ್ಟಿ ಎತ್ತಿಕೊಂಡಳು. ಸಂಜೆಯವರೆಗೆ ಹೆಂಗಸರು ಬುಟ್ಟಿ ಹೊತ್ತು ಹೊತ್ತು ಮಾಲನ್ನು ಹಿತ್ತಲಿಗೆ ಸುರಿದರು. ನೆಲ ತೊಳೆದರು, ಗೋಡೆ ಒರೆಸಿದರು. ಅ ಆ ಇ ಈ ಮತ್ತೆ ಕಂಡವು. ಮಾಬೂಬಿ ಮೂಸಿ ನೋಡಿ, "ಈಗ ಒಂಚೂರೂ ಘಾಟಿಲ್ಲ ನೋಡು" ಅಂದಳು. ಮಾಯವ್ವನೂ ಹೂಂ ಅಂದಳು. ವರ್ಷಗಟ್ಟಲೆ ಖಾರದಲ್ಲೇ ಉಸಿರಾಡಿದ ಮೂಗುಗಳವು. ಘಾಟು ಎಂದರೇನೆಂದು ಆ ಮೂಗುಗಳಿಗೆ ಮರೆತೇ ಹೋಗಿತ್ತು.

ಮರುದಿನ ಬೆಳಗ್ಗೆಯೇ ಮೋಡ ಕವಿದಿತ್ತು. ಕಾಲವಲ್ಲದ ಕಾಲದ ಮೋಡ. ಟ್ರ್ಯಾಕ್ಟರಿನಲ್ಲಿ ಬಂದಿಳಿದ ಮಕ್ಕಳು ಕೋಣೆಯೊಳಗೆ ಕಾಲಿಟ್ಟು ಬೆಪ್ಪಾಗಿ ನಿಂತವು. ನೀಲಾ ಎಲ್ಲಕ್ಕಿಂತ ಮೊದಲು ಛತ್ತು ನೋಡಿದಳು. ಒಂದು ಬಿರುಕಿಲ್ಲ. ಬಾಗಿಲ ಹೊರಗೆ ನಿಂತಿದ್ದ ಅವ್ವನ ಕಡೆ ತಿರುಗಿ ನಕ್ಕಳು. ತಲೆ ಒಡೆದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಮಾಯವ್ವನಿಗೆ ಗೊತ್ತಿತ್ತು. ಒಂದು ತಾಸಿನ ಸುಖ ಇದು, ಆಮೇಲೆ ಮತ್ತೆ ಅದೇ ಗುಂಡಿಗೆ ಇಳಿಸುತ್ತಾರೆ.

ಸಾಹೇಬರು ಬಂದರು. ಶಾಲು, ಹಾರ, ಎಳನೀರು ಆಯಿತು. ಕೋಣೆ ನೋಡಿ ತಲೆದೂಗಿದರು. ನೀಲಾಳನ್ನು ಎಬ್ಬಿಸಿ ಪಾಠ ಓದಿಸಿದರು. ಅವಳು ತಡವರಿಸಿದಳು. ನಾಜಮೀನಳನ್ನು ಎಬ್ಬಿಸಿದರು, ಅವಳೂ ಅಷ್ಟೇ. ಒಂದೇ ಕೋಣೆಯಲ್ಲಿ ಐದು ತರಗತಿಯ ಗದ್ದಲದಲ್ಲಿ, ಛತ್ತು ನೋಡುತ್ತ ಕಲಿತ ಓದು ಅದು. ಹೆಂಗೆ ಸರಾಗ ಬರಬೇಕು?

ಸಾಹೇಬರ ಹುಬ್ಬು ಗಂಟಾಯಿತು. "ಏನ್ರೀ ಮಾಸ್ತರ, ಕಲಿಕಾ ಮಟ್ಟ ಇಷ್ಟು ಕೆಳಗಿದೆ? ಸರಕಾರ ಇಂಥ ಅರಮನೆಯಂಥ ಕಟ್ಟಡ ಕೊಟ್ಟಿದೆ. ಇದರಲ್ಲಿ ಕೂತೂ ಮಕ್ಕಳು ಓದೋದಿಲ್ಲ ಅಂದ್ರೆ ತಪ್ಪು ಯಾರದು? ನಿಮ್ಮದು, ಇಲ್ಲಾ ಈ ತಾಯಂದಿರದು!"

ರಿಯಾಜ ಮಾಸ್ತರರ ಮುಖ ಸುಟ್ಟ ಬದನೆಕಾಯಿಯಾಯಿತು. ಬಾಯಿ ತೆರೆದರು. ಮಹಾಲಿಂಗಪ್ಪ ಅವರನ್ನೇ ನೋಡುತ್ತಿದ್ದರು. ಮಾಸ್ತರು ಬಾಯಿ ಮುಚ್ಚಿದರು.

ಸಾಹೇಬರು ಹಣೆಯ ಬೆವರು ಒರೆಸಿಕೊಂಡರು. ಅದನ್ನು ಕಂಡ ಮಹಾಲಿಂಗಪ್ಪ ಉಪಚಾರಕ್ಕೆ ಓಡಿಬಂದರು. "ಏ ಬಸ್ಯಾ, ಫ್ಯಾನ್ ಹಚ್ಚಲೇ, ಸಾಹೇಬ್ರಿಗೆ ಸೆಕಿ ಆಗಾಕತ್ತೈತಿ!"

ಬಸ್ಯಾ ಗುಂಡಿ ಒತ್ತಿದ.

ನೆಲ ತೊಳೆದಿದ್ದರು, ಗೋಡೆ ಒರೆಸಿದ್ದರು. ಫ್ಯಾನಿನ ಕಡೆ ಒಬ್ಬರೂ ತಲೆ ಎತ್ತಿ ನೋಡಿರಲಿಲ್ಲ. ಮಾಲು ಹಾರುತ್ತದೆಂದು ಆ ಫ್ಯಾನು ಒಮ್ಮೆಯೂ ತಿರುಗಿದ್ದಿಲ್ಲ. ಅದರ ರೆಕ್ಕೆಗಳ ಮೇಲೆ ವರ್ಷಗಳ ಮೆಣಸಿನ ಪುಡಿ ಹದವಾಗಿ ಕೂತಿತ್ತು. ಫ್ಯಾನು ಕಿರ್ರೆಂದು ಒಂದು ಸುತ್ತು ಹಾಕಿತು, ಎರಡನೆಯದಕ್ಕೆ ಜೋರು ಹಿಡಿಯಿತು. ಕೆಂಪು ಧೂಳನ್ನು ಇಡೀ ಕೋಣೆಗೆ ಎರಚಿತು.

ಮೊದಲು ಸೀನಿದವರು ಸಾಹೇಬರೇ. ಆಮೇಲೆ ಕೆಮ್ಮು, ಕೆಮ್ಮಿನ ಮೇಲೆ ಕೆಮ್ಮು. ಕಣ್ಣು ಉಜ್ಜಿಕೊಂಡರೆ ಇನ್ನಷ್ಟು ಉರಿ. ಮಕ್ಕಳು ಅಳುತ್ತ ಹೊರಗೋಡಿದವು. ಮಹಾಲಿಂಗಪ್ಪ ಹೆಗಲ ವಸ್ತ್ರವನ್ನು ಮೂಗಿಗೆ ಒತ್ತಿ, ಇನ್ನೊಂದು ಕೈಯಿಂದ ಸಾಹೇಬರನ್ನು ಎಳೆದುಕೊಂಡು ಅಂಗಳಕ್ಕೆ ಬಂದರು. ಹೆಂಗಸರು ಮಾತ್ರ ಏನೂ ಆಗದವರಂತೆ ಒಳಗೆ ಹೋಗಿ ಫ್ಯಾನು ಆರಿಸಿ, ಕಿಟಕಿ ತೆಗೆದು, ರೆಕ್ಕೆ ಒರೆಸಿ ಬಂದರು. ಇನ್ನೇನು, ಬಣ್ಣ ಬಯಲಾಯಿತು, ಸಾಹೇಬರು ಕೇಳೇ ಕೇಳುತ್ತಾರೆ ಎಂದು ಮಾಯವ್ವ ಕಾದಳು.

ಸಾಹೇಬರು ಮುಖ ತೊಳೆದರು. ಹಿತ್ತಲ ಕಡೆ ನೋಡಿದರು. ಮೆಣಸಿನಕಾಯಿಯ ಕೆಂಪು ರಾಶಿ ಕಣ್ಣಿಗೆ ಹೊಡೆಯುವಂತಿತ್ತು. ಕುರುಡನಾದರೂ ವಾಸನೆಯಿಂದ ಹೇಳುತ್ತಿದ್ದ. ಅವರು ಮಹಾಲಿಂಗಪ್ಪನನ್ನು ನೋಡಿ ನಕ್ಕರು.

"ಈ ಸಲ ಬೆಳೆ ಜೋರು ಅನ್ನಿ."

"ನಿಮ್ಮ ಆಶೀರ್ವಾದರೀ. ಮನಿಗೆ ಒಂದ ಚೀಲ ಕಳಿಸ್ತೀನಿ, ಒಳ್ಳೆ ಬ್ಯಾಡಗಿ ಮಾಲು."

ಸಾಹೇಬರು ಕಾರಿನ ಮೂತಿಯ ಮೇಲೆ ಕಾಗದ ಇಟ್ಟು, ಸಾಲಿ ಹೊಸ ಕಟ್ಟಡದಲ್ಲಿ ಸುಸೂತ್ರ ನಡೆದಿದೆ ಎಂದು ಸಹಿ ಹಾಕಿದರು. ಸತ್ಯ ಕಣ್ಣಿಗೆ, ಮೂಗಿಗೆ, ಗಂಟಲಿಗೆ ಹೊಕ್ಕರೂ ಈ ಮಂದಿ ನುಂಗಿಕೊಳ್ಳುತ್ತಾರಲ್ಲ!

ಅಷ್ಟರಲ್ಲಿ ಗುಡುಗಿತು. ಮಹಾಲಿಂಗಪ್ಪ ಮೇಲೆ ನೋಡಿ ಗಾಬರಿಯಾದರು.

"ಲಗೂ ಲಗೂ! ಮಾಲ ಒಳಗ ಹಾಕ್ರಿ! ಏ ಬಸ್ಯಾ, ಹುಡುಗರನ್ನ ಟ್ರ್ಯಾಕ್ಟರಿಗೆ ಹತ್ತಸು!"

ನೀಲಾ ಓಡಿ ಬಂದು ಅವ್ವನ ಸೀರೆ ಹಿಡಿದಳು. "ಅವ್ವಾ, ಕೆಳಗ ಬ್ಯಾಡವ್ವಾ. ಮಳಿ ಬಂದ್ರ ಅದು ಬೀಳತೈತಿ."

ಮಾಯವ್ವನಿಗೆ ಏನು ತಿಳಿಯಿತೋ ಏನೋ. ಮಗಳ ರಟ್ಟೆ ಹಿಡಿದು ನಡೆದಳು. ಟ್ರ್ಯಾಕ್ಟರಿನ ಕಡೆಗಲ್ಲ, ಕೋಣೆಯ ಕಡೆಗೆ. ನೀಲಾಳನ್ನು ಒಳಗೆ ಕೂರಿಸಿ, ಬಾಗಿಲ ಮೆಟ್ಟಿಲ ಮೇಲೆ ತಾನು ಕೂತಳು.

"ಏನಿದು ಮಾಯವ್ವ? ಬುಟ್ಟಿ ತಗೋ, ಏಳು!"

"ಸಾಹೇಬ್ರ ಏನ ಬರದ್ರರೀ ಸಾವ್ಕಾರ್ರ? ಸಾಲಿ ಇಲ್ಲೇ ನಡದೈತಿ ಅಂತ ಹೌದಲ್ಲರೀ? ಮತ್ತ ನಡೀಲಿ. ಅವರ ಮಾತ ಸುಳ್ಳ ಯಾಕ ಮಾಡೂದು?"

"ನಾಳಿಂದ ನಿನಗ ಕೂಲಿ ಇಲ್ಲ!"

"ಬ್ಯಾಡ ಬಿಡ್ರಿ."

ಆ ಮಾತು ಆಡುವಾಗ ಅವಳಿಗೆ ಮನೆಯ ಒಲೆ ನೆನಪಾಯಿತು. ಆದರೂ ಏಳಲಿಲ್ಲ. ಮಾಬೂಬಿ ಒಂದು ಗಳಿಗೆ ಅತ್ತ ಇತ್ತ ನೋಡಿದಳು. ಕೈಯಲ್ಲಿದ್ದ ಬುಟ್ಟಿಯನ್ನು ಅಂಗಳಕ್ಕೆ ಒಗೆದು, ನಾಜಮೀನಳನ್ನು ಒಳಗೆ ದಬ್ಬಿ, "ಒಂದೀಟ ಸರಿ" ಎಂದು ಮಾಯವ್ವನ ಮಗ್ಗುಲಲ್ಲಿ ಕೂತಳು. ಆಮೇಲೆ ಕೂಲಿಯ ಇನ್ನೊಬ್ಬಾಕೆ ರೇಣುಕವ್ವ ಬಂದಳು, ಅವಳ ಹಿಂದೆ ಇನ್ನುಳಿದವರು. ಟ್ರ್ಯಾಕ್ಟರ್ ಹತ್ತಿದ್ದ ಮಕ್ಕಳೂ ಒಂದೊಂದಾಗಿ ಜಿಗಿದು ಅವರ ನಡುವೆ ನುಸುಳಿ ಒಳಗೆ ಹೋದವು.

ದಪ್ಪ ಹನಿ ಉದುರತೊಡಗಿದವು. ಬಸ್ಯಾ ತಾಡಪಾಲು ಎಳೆದು ತಂದ. ರಾಶಿಯ ಮೇಲೇನೋ ತಾಡಪಾಲು ಹೊದಿಸಬಹುದು. ಎರಿ ನೆಲದಲ್ಲಿ ಕೆಳಗಿನಿಂದ ನುಗ್ಗುವ ನೀರಿಗೆ ಏನು ಹೊದಿಸುವುದು?

"ನಿಮ್ಮ ಕಾಲ ಬೀಳ್ತೀನಿ ಏಳ್ರವಾ! ಮಾಲ ತೋಯ್ದರ ಮಣ್ಣಾಗತೈತಿ, ಎಲ್ಲಿ ಇಡ್ಲಿ ನಾನು?" ಮಹಾಲಿಂಗಪ್ಪ ಬಾಯಿ ಬಾಯಿ ಬಡಿದುಕೊಂಡರು.

"ಕೆಳಗ ಹಳೇ ಸಾಲಿ ಖಾಲಿ ಐತಲ್ಲರೀ" ಅಂದಳು ಮಾಯವ್ವ. "ಟ್ರ್ಯಾಕ್ಟರ್ ಐತಿ. ಒಯ್ದ ಅಲ್ಲಿ ಇಡ್ರಿ."

"ಏ ಹುಚ್ಚಿ, ತಲಿ ಕೆಟ್ಟೈತೇನ ನಿನಗ? ಅಲ್ಲಿ ಹ್ಯಾಂಗ ಇಡ್ಲಿ? ಛತ್ತ ಸೋರತೈತಿ, ಗ್ವಾಡಿ ಬಾಯಿ ಬಿಟ್ಟಾವ, ಯಾವಾಗ ಕುಸೀತೈತೋ ಗೊತ್ತಿಲ್ಲ! ನನ್ನ ಮಾಲ ಹಾಳಾಗಿ ಹೋಗತೈತಿ!"

ಮಹಾಲಿಂಗಪ್ಪನಿಗೂ ತಾನು ಆಡಿದ್ದು ತನ್ನ ಕಿವಿಗೇ ಬಿದ್ದಿರಬೇಕು. ತೆರೆದ ಬಾಯಿ ತೆರೆದೇ ಉಳಿಯಿತು.

"ಕೇಳಿದ್ರೀ ಸಾಹೇಬ್ರ?" ಮಾಬೂಬಿ ಕೂಗಿದಳು. "ಅದನ್ನೂ ಬರಕೋರಿ!"

ಹನಿ ಬಿದ್ದೊಡನೆ ಕಾರು ಹತ್ತಿ ಕೂತಿದ್ದ ಸಾಹೇಬರು ಗಾಜು ಏರಿಸಿದರು. ಕಾರು ಕೆಸರು ಹಾರಿಸುತ್ತ ದಿಬ್ಬ ಇಳಿಯಿತು. ಗೋಡೆಗೆ ಒರಗಿ ನಿಂತಿದ್ದ ರಿಯಾಜ ಮಾಸ್ತರು ಮಹಾಲಿಂಗಪ್ಪನ ಕಡೆ ನೋಡಿದರು. ಆಮೇಲೆ ನೀಲಾಳ ತಲೆಯ ಪಟ್ಟಿ ನೋಡಿದರು. ಚಪ್ಪಲಿ ಕಳಚಿ, ಹೆಂಗಸರು ಸರಿದು ಕೊಟ್ಟ ದಾರಿಯಲ್ಲಿ ಒಳಗೆ ಹೋದರು.

"ನೀಲಾ, ಅವತ್ತ ಮಗ್ಗಿ ಎಲ್ಲಿಗೆ ನಿಂತಿತ್ತು?"

ಮಳೆ ಜೋರಾಯಿತು. ಹಿತ್ತಲಿನಿಂದ ಕೆಂಪು ನೀರು ಹರಿದು ಅಂಗಳಕ್ಕೆ ಬರತೊಡಗಿತು. ಅದರ ಸದ್ದಿನ ಮೇಲೆ ಒಳಗಿನಿಂದ ನೀಲಾಳ ದನಿ ಕೇಳಿತು.

"ಏಳೈದ್ಲೆ ಮೂವತ್ತೈದು..."

ಮೆಟ್ಟಿಲ ಮೇಲಿನ ಹೆಂಗಸರ ಮಡಿಲು ತೋಯ್ದು ತೊಪ್ಪೆಯಾಗಿತ್ತು. ಅವರಲ್ಲಿ ಒಬ್ಬರೂ ಏಳಲಿಲ್ಲ.